ದಡದ ಕೇಬಲ್ಲಿಗೂ ಸುರಕ್ಷತಾ ದರ್ಜೆ ಬೇಕು

ಮಾನ್ಯರೇ,

ಪರಮಾಣು ಜಲಾಂತರ್ಗಾಮಿ ದಡಕ್ಕೆ ಬಂದು ರಿಯಾಕ್ಟರ್ ನಿಲ್ಲಿಸಿದೊಡನೆ ಅಪಾಯ ಮುಗಿಯುವುದಿಲ್ಲ. ದೀರ್ಘಕಾಲ ಪೂರ್ಣ ಶಕ್ತಿಯಲ್ಲಿ ನಡೆದ ರಿಯಾಕ್ಟರ್ ನಿಂತ ಕ್ಷಣದಲ್ಲಿ ಆ ಪೂರ್ಣ ಶಕ್ತಿಯ ಶೇ 6–7ರಷ್ಟು, ಒಂದು ದಿನದ ಬಳಿಕವೂ ಸುಮಾರು ಶೇ 0.5ರಷ್ಟು ಶಾಖ ಹೊಮ್ಮಿಸುತ್ತಿರುತ್ತದೆ. ಅದನ್ನು ಹೊರತೆಗೆಯುವ ಪಂಪುಗಳು ದಡದ ವಿದ್ಯುತ್ತನ್ನೇ ನಂಬಿದ್ದರೆ ಅಲ್ಲಿನ ಸ್ವಿಚ್‌ಬೋರ್ಡ್, ಕೇಬಲ್, ತಂಪು ನೀರಿನ ಕೊಳವೆ ಎಲ್ಲವೂ ಸುರಕ್ಷತಾ ವ್ಯವಸ್ಥೆಯ ಭಾಗವೇ. ಅವನ್ನು ಮಾಮೂಲಿ ಬಂದರು ಸೌಲಭ್ಯವೆಂದು ವರ್ಗೀಕರಿಸುವುದು ದೊಡ್ಡ ತಪ್ಪು. ಕೆಟ್ಟರೆ ಏನಾಗುತ್ತದೆ, ಸರಿಪಡಿಸಲು ಎಷ್ಟು ಹೊತ್ತಿದೆ ಎಂಬುದೇ ಯಾವ ಉಪಕರಣಕ್ಕೆ ಎಷ್ಟು ಕಟ್ಟುನಿಟ್ಟಿನ ಸುರಕ್ಷತಾ ದರ್ಜೆ ಎಂಬುದರ ಅಳತೆಗೋಲಾಗಲಿ.

ದಡದ ವಿದ್ಯುತ್ ಕೈಕೊಟ್ಟಾಗ ಇರಲೆಂದು ಎರಡು ಡೀಸೆಲ್ ಜನರೇಟರ್ ಇಟ್ಟರೆ ಸಾಲದು. ಎರಡೂ ಒಂದೇ ಕೋಣೆಯಲ್ಲಿದ್ದರೆ ಒಂದೇ ಬೆಂಕಿಗೆ, ಒಂದೇ ನೆರೆಗೆ ಎರಡೂ ಹೋಗುತ್ತವೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದಲ್ಲಿ ಸುನಾಮಿ ನೀರು ನುಗ್ಗಿ ಬಹುತೇಕ ಜನರೇಟರ್‌ಗಳು ಒಟ್ಟಿಗೆ ನಿಂತುಹೋದವು. ಭಾರ ಕಳಚಿ ರಿಯಾಕ್ಟರ್ ಮೇಲೆ ಬೀಳಬಹುದಾದ್ದರಿಂದ, ರಿಯಾಕ್ಟರ್ ವಿಭಾಗದ ಮೇಲೆ ಭಾರ ಎತ್ತುವ ಕ್ರೇನನ್ನೂ ಸುರಕ್ಷತಾ ದರ್ಜೆಯ ಪಟ್ಟಿಗೆ ಸೇರಿಸಬೇಕು.