ಮನೆ ಹುಡುಕುವ ಮುಂಚೆ, ಪುಟ್ಟೀ

ಪುಟ್ಟೀ,

ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿತು ಅಂದಾಗ ಎಷ್ಟು ಖುಷಿಯಾಯಿತೋ, "ಐವಿಎ ಇರೋಳಿಗೆ ಯಾರಮ್ಮ ಮನೆ ಕೊಡ್ತಾರೆ" ಅಂತ ನೀನು ಕೇಳಿದಾಗ ಅಷ್ಟೇ ಸಂಕಟವಾಯಿತು. ಸಾಲ ಕೊಟ್ಟವರ ಜೊತೆ ಒಪ್ಪಂದ ಮಾಡಿಕೊಂಡು ಕಂತಿನಲ್ಲಿ ತೀರಿಸುವ ಕಾನೂನಿನ ಏರ್ಪಾಡು ತಾನೇ ಇಂಗ್ಲೆಂಡಿನ ಈ ಐವಿಎ, ಅದೇನು ಅಪರಾಧವಲ್ಲ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ರೆಡಿಂಗ್‌ನಲ್ಲಿ ದಿನಾ ಬಾಡಿಗೆ ಅರ್ಜಿ ಓದುವುದೇ ನನ್ನ ಕೆಲಸ ಅಲ್ವಾ? ಮೇಜಿನ ಈ ಕಡೆಯಿಂದ ನಿನ್ನ ಅರ್ಜಿ ಹೇಗೆ ಕಾಣುತ್ತದೆ ಅಂತ ನನಗೆ ಗೊತ್ತು.

ಐವಿಎ ವಿಷಯ ನೀನೇ ಮೊದಲು ಹೇಳಿಬಿಡು. ಮನೆ ನೋಡಲು ಹೋಗುವ ಮುಂಚೆ, ಫೋನಿನಲ್ಲೇ. ಅದನ್ನು ಮುಚ್ಚಿಡಲು ಆಗುವುದಿಲ್ಲ. ಸರ್ಕಾರದ ದಿವಾಳಿ ರಿಜಿಸ್ಟರ್‌ನಲ್ಲಿ ನಿನ್ನ ಹೆಸರಿದೆ, ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಐವಿಎ ಮುಗಿದು 3 ತಿಂಗಳಾದ ಮೇಲೆ ಅಲ್ಲಿಂದ ತೆಗೆಯುತ್ತಾರೆ. ನಿನ್ನ ಸಾಲದ ದಾಖಲೆಯಾದ ಕ್ರೆಡಿಟ್ ಫೈಲಿನಲ್ಲಿ ಐವಿಎ ಶುರುವಾದ ದಿನದಿಂದ 6 ವರ್ಷ ಇರುತ್ತದೆ. ಅರ್ಜಿಯಲ್ಲೇ ನೇರ ಪ್ರಶ್ನೆ ಇರುತ್ತದೆ: ಸಿಸಿಜೆ (ಸಾಲ ಕಟ್ಟು ಅಂತ ಕೋರ್ಟ್ ಕೊಟ್ಟ ತೀರ್ಪು), ಐವಿಎ, ದಿವಾಳಿ ಏನಾದರೂ ಇದೆಯೇ? "ಇಲ್ಲ" ಅಂತ ಟಿಕ್ ಹಾಕಿದ ಅರ್ಜಿ ಚೆಕ್ ಮುಗಿಸಿ ವಾಪಸ್ ಬಂದಾಗ ಓನರ್ ಸಾಲದ ಮಾತೇ ಆಡುವುದಿಲ್ಲ, "ಸುಳ್ಳು ಹೇಳಿದಳಲ್ಲ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ದುಡ್ಡೂ ಹೋಗುತ್ತದೆ. ನೀನು ನೋಡಿದ ಮನೆಗೆ ತಿಂಗಳಿಗೆ 850 ಪೌಂಡ್. ಮನೆ ಹಿಡಿದಿಡಲು ಒಂದು ವಾರದ ಬಾಡಿಗೆ, ಅಂದರೆ 196 ಪೌಂಡ್ ಕೇಳಬಹುದು. 2019ರ ಕಾಯ್ದೆ ಪ್ರಕಾರ ತಪ್ಪು ಮಾಹಿತಿ ಕೊಟ್ಟವರಿಗೆ ಅದನ್ನು ಹಿಂತಿರುಗಿಸಬೇಕಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ ಮೇಲೂ ಬರೀ ನಿನ್ನ ಕ್ರೆಡಿಟ್ ನೋಡಿ ಬೇಡ ಅಂದರೆ ಅದನ್ನು ವಾಪಸ್ ಕೊಡಲೇಬೇಕು.

ಹೇಳುವಾಗ ತಲೆ ತಗ್ಗಿಸಬೇಡ. ನಿನಗೆ ಸಾಲ ಕೊಟ್ಟು ಮತ ಹಾಕಿದವರಲ್ಲಿ, ಸಾಲದ ಮೊತ್ತದ ಲೆಕ್ಕದಲ್ಲಿ ಕನಿಷ್ಠ 75% ಒಪ್ಪಿದ್ದರಿಂದಲೇ ನಿನಗೆ ಐವಿಎ ಸಿಕ್ಕಿದ್ದು. ಸಾಲ ಬಿಟ್ಟು ಓಡಿಹೋದವಳಲ್ಲ ನೀನು, ತಿಂಗಳು ತಿಂಗಳು ಕಟ್ಟುತ್ತಿರುವವಳು. ಆ ಮಾತಿಗೆ ಕಾಗದ ಜೊತೆಗಿಡು: ಹೊಸ ಕೆಲಸದ ಪತ್ರ, ಪೇ ಸ್ಲಿಪ್, ಬಾಡಿಗೆ ಸರಿಯಾಗಿ ಹೋಗಿರುವ ಬ್ಯಾಂಕ್ ಸ್ಟೇಟ್‌ಮೆಂಟ್, ಈಗಿನ ಓನರ್‌ನಿಂದ ಒಂದು ಪತ್ರ, ಕಂತು ತಪ್ಪಿಲ್ಲ ಅಂತ ನಿನ್ನ ಐವಿಎ ನೋಡಿಕೊಳ್ಳುವ ಸೂಪರ್‌ವೈಸರ್‌ನಿಂದ ನಾಲ್ಕು ಸಾಲು.

ಒಂದೇ ಮನೆ ಇಟ್ಟುಕೊಂಡು ಬಾಡಿಗೆಗೆ ಕೊಡುವವರನ್ನು ಹುಡುಕು. ದೊಡ್ಡ ಏಜೆನ್ಸಿಗಳಲ್ಲಿ ಓನರ್‌ಗಳು ಬಾಡಿಗೆ ಬಾರದಿದ್ದರೆ ತುಂಬಿಕೊಡುವ ಇನ್ಶೂರೆನ್ಸ್ ಮಾಡಿಸಿರುತ್ತಾರೆ. ಐವಿಎ ಕಂಡರೆ ಆ ಇನ್ಶೂರೆನ್ಸ್ ಸಿಗುವುದು ಕಷ್ಟ. ಓನರ್‌ಗೆ ಮನಸ್ಸಿದ್ದರೂ ಕೈ ಕಟ್ಟಿಹೋಗುತ್ತದೆ. ಇದನ್ನು ನೋಡಿ ನೋಡಿ ನನಗೆ ಬೇಜಾರಾಗಿದೆ. ಸಂಬಳ ಸರಿಯಿರುವ, ಬಾಡಿಗೆ ಒಂದು ದಿನವೂ ತಪ್ಪಿಸದ ಎಷ್ಟೋ ಹುಡುಗ ಹುಡುಗಿಯರು ಈ ಒಂದು ಗೆರೆಯಿಂದ ವಾಪಸ್ ಹೋಗುತ್ತಾರೆ.

"ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟುಬಿಡ್ತೀನಿ" ಅಂದೆಯಲ್ಲ, ಆ ದಾರಿ ಬಿಡು. ಮುಂಚೆ ಕ್ರೆಡಿಟ್ ಸರಿ ಇಲ್ಲದವರು ಹಾಗೇ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ 2026ರ ಮೇ 1ರಿಂದ ಹೊಸ ಕರಾರಿಗೆ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಬಾಡಿಗೆ ಕೇಳುವಂತಿಲ್ಲ. ಒಳ್ಳೆಯ ಕಾಯ್ದೆಯೇ. ಆದರೆ ನಿನ್ನಂಥವರ ವಿಷಯದಲ್ಲಿ ಈಗ ಎಲ್ಲರೂ ಜಾಮೀನುದಾರರನ್ನೇ ಕೇಳುತ್ತಾರೆ.

ಜಾಮೀನು ನಾನು ಹಾಕುತ್ತೇನೆ. ಸಾಮಾನ್ಯವಾಗಿ ತಿಂಗಳ ಬಾಡಿಗೆಯ 30 ಪಟ್ಟು ವರ್ಷದ ಸಂಬಳ ನಿನಗಿರಬೇಕು, ಅಂದರೆ 25,500 ಪೌಂಡ್. ಜಾಮೀನುದಾರರಿಗೆ 36 ಪಟ್ಟು, 30,600. ಎರಡೂ ನಮಗೆ ಆಗುತ್ತದೆ. ಮೈಸೂರಿನ ಮಾವ ತಾನೂ ಸಹಿ ಹಾಕುತ್ತೇನೆ ಅಂದ. ಪಾಪ, ಅವನ ಮನಸ್ಸು ದೊಡ್ಡದು, ಆದರೆ ಈ ದೇಶದಲ್ಲಿ ಇರುವವರನ್ನೇ ಕೇಳುತ್ತಾರೆ ಅಂತ ಅವನಿಗೆ ಹೇಳಿದ್ದೇನೆ. ಸಹಿ ಹಾಕಿದ ಮೇಲೆ ನೀನು ಕಟ್ಟದ ಬಾಡಿಗೆ ನನ್ನ ಮೇಲೆ ಬರುತ್ತದೆ. ಅದು ಗೊತ್ತಿದ್ದೇ ಹಾಕುತ್ತಿದ್ದೇನೆ. ಒಂದು ತಿಂಗಳು ಕಷ್ಟವಾಗುತ್ತದೆ ಅಂತ ಕಂಡರೆ ಮುಂಚೆಯೇ ಫೋನ್ ಮಾಡು, ಅಷ್ಟೇ.

ಡಿಪಾಸಿಟ್ ಐದು ವಾರದ ಬಾಡಿಗೆ ಮೀರುವಂತಿಲ್ಲ, 980 ಪೌಂಡ್ ಆಗುತ್ತದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನೆದರೆ ಇದು ಏನೂ ಅಲ್ಲ, ಆದರೆ ಐವಿಎ ಬಜೆಟ್‌ನಲ್ಲಿ ಉಳಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಾರ್ಡಿನಲ್ಲೋ ಸ್ನೇಹಿತರ ಹತ್ತಿರವೋ ಸಾಲ ಮಾಡಬೇಡ. ಐವಿಎಯಲ್ಲಿರುವಾಗ 500 ಪೌಂಡ್ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಸೂಪರ್‌ವೈಸರ್ ಒಪ್ಪಿಗೆ ಬೇಕು. ನಾನು ಕೊಡುತ್ತೇನೆ, ಅದನ್ನೂ ಅವರಿಗೆ ತಿಳಿಸಿಯೇ ತಗೋ. ಹೊಸ ವಿಳಾಸ, ಹೊಸ ಬಾಡಿಗೆ, ಹೊಸ ಸಂಬಳ ಮೂರನ್ನೂ ಒಂದೇ ಇಮೇಲ್‌ನಲ್ಲಿ ಬರೆದುಬಿಡು. ವರ್ಷದ ಲೆಕ್ಕ ನೋಡುವಾಗ ಅವರಿಗೆ ಅದು ಹೊಸ ಸುದ್ದಿ ಆಗಬಾರದು.

ಲೀಡ್ಸ್‌ಗೆ ಹೋದ ಕೂಡಲೇ ಮತದಾರರ ಪಟ್ಟಿಗೆ ಹೆಸರು ಸೇರಿಸು. ನಿನ್ನದು ಭಾರತದ ಪಾಸ್‌ಪೋರ್ಟ್ ಆದರೂ ಕಾಮನ್‌ವೆಲ್ತ್ ಪ್ರಜೆ ಅಂತ ಇಲ್ಲಿ ಮತದ ಹಕ್ಕಿದೆ. ವಿಳಾಸ ತಾಳೆಯಾದರೆ ಕ್ರೆಡಿಟ್ ಫೈಲಿಗೂ ಒಳ್ಳೆಯದು.

ಶನಿವಾರ ಬರುವಾಗ ಕಾಗದಗಳನ್ನೆಲ್ಲ ತಗೊಂಡು ಬಾ. ಓನರ್‌ಗೆ ಕಳಿಸುವ ಪತ್ರ ಇಬ್ಬರೂ ಕೂತು ಬರೆಯೋಣ. ಊಟಕ್ಕೆ ಬಸ್ಸಾರು ಮಾಡಿರುತ್ತೇನೆ.

ನಿನ್ನ ಅಮ್ಮ