ಬಸಾಲ್ಟ್ ಬಟ್ಟೆಗೆ ತುಕ್ಕಿಲ್ಲ, ಒಳಗಿನ ಕಬ್ಬಿಣಕ್ಕಿದೆ

ಮಾನ್ಯರೇ,

ಕರಾವಳಿಯಲ್ಲಿ ಸಿಮೆಂಟು ಉದುರಿ ಸರಳು ಕಾಣುತ್ತಿರುವ ತಾರಸಿ, ಬೀಮ್, ಪಿಲ್ಲರ್‌ಗಳಿಗೆ ಬಸಾಲ್ಟ್ ನಾರಿನ ಬಟ್ಟೆ ಅಂಟಿಸುವ ಸಲಹೆ ಈಚೆಗೆ ಕೇಳಿಬರುತ್ತಿದೆ. ಸಾಮಗ್ರಿ ಒಳ್ಳೆಯದೇ. ಆದರೆ ಅದನ್ನು ತುಕ್ಕಿನ ಮದ್ದು ಎಂದು ಮಾರುವುದು ಸರಿಯಲ್ಲ. ಈ ಬಟ್ಟೆಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಒಳಗಿರುವ ಕಬ್ಬಿಣದ ತುಕ್ಕನ್ನು ಅದು ನಿಲ್ಲಿಸುವುದೂ ಇಲ್ಲ.

ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ಕರಿಕಲ್ಲೇ ಬಸಾಲ್ಟ್. ಗೋಳಗುಮ್ಮಟ ಎದ್ದದ್ದೂ ಅದರಿಂದಲೇ. ಸಿಲಿಕಾ ಪ್ರಮಾಣ ಹದವಾಗಿರುವ ಬಸಾಲ್ಟನ್ನು ಆರಿಸಿ, ಸುಮಾರು 1,450ರಿಂದ 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಪ್ಲಾಟಿನಂ-ರೋಡಿಯಂ ತಟ್ಟೆಯ ಸಣ್ಣ ತೂತುಗಳಿಂದ ಎಳೆದರೆ ಕೂದಲಿಗಿಂತ ತೆಳುವಾದ ಎಳೆ ಬರುತ್ತದೆ. ಕಾರ್ಬನ್ ನಾರು ವಿದ್ಯುತ್ ಹರಿಯಗೊಡುತ್ತದೆ, ಇದು ಹರಿಯಗೊಡುವುದಿಲ್ಲ. ಹಾಗಾಗಿ ಕಬ್ಬಿಣಕ್ಕೆ ತಗುಲಿದರೂ ಅದರ ತುಕ್ಕನ್ನು ಹೆಚ್ಚಿಸದು. ಉಪ್ಪುಗಾಳಿಯ ಊರಿಗೆ ಇದು ದೊಡ್ಡ ಅನುಕೂಲ.

ಇನ್ನು ಲೆಕ್ಕ. ಚದರ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆಯಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೂ ನಾರಿನ ನಿಜವಾದ ದಪ್ಪ ಸುಮಾರು 0.11 ಮಿ.ಮೀ. ಮಾತ್ರ. ಒಂದು ಮೀಟರ್ ಅಗಲಕ್ಕೆ 113 ಚದರ ಮಿ.ಮೀ. ಆಯಿತು. ಎಂಟು ಮಿ.ಮೀ. ಸರಳನ್ನು 200 ಮಿ.ಮೀ. ಅಂತರದಲ್ಲಿ ಕಟ್ಟಿದರೆ ಅಷ್ಟೇ ಅಗಲದಲ್ಲಿ 251 ಚದರ ಮಿ.ಮೀ. ಉಕ್ಕು ಇರುತ್ತದೆ. ಮೇಲಾಗಿ ಬಸಾಲ್ಟ್ ನಾರಿನ ಬಿಗಿತ, ಅಂದರೆ ಎಳೆದಾಗ ಹಿಗ್ಗದೆ ನಿಲ್ಲುವ ಗುಣ, ಉಕ್ಕಿನ ಅರ್ಧಕ್ಕೂ ಕಡಿಮೆ. ಎರಡನ್ನೂ ಸೇರಿಸಿ ನೋಡಿದರೆ, ಒಂದು ಪದರ ಬಟ್ಟೆಯ ಬಿಗಿತ ಆ ಸರಳುಗಳ ಐದನೇ ಒಂದು ಪಾಲು. ಎಳೆತ ತಾಳುವ ಶಕ್ತಿ ಕಾಗದದ ಮೇಲೆ ಉಕ್ಕಿಗಿಂತ ಬಹಳ ಹೆಚ್ಚೇ, ಆದರೆ ಆ ಶಕ್ತಿ ಪೂರ್ತಿ ಬಳಕೆಯಾಗುವ ಮೊದಲೇ ಬಟ್ಟೆ ಕಾಂಕ್ರೀಟಿನಿಂದ ಕಿತ್ತು ಬರುತ್ತದೆ. ಜಗ್ಗಿದ ಸ್ಲ್ಯಾಬು ಒಂದು ಪದರ ಬಟ್ಟೆಯಿಂದ ನೇರವಾಗುತ್ತದೆ ಎನ್ನುವವರು ಈ ಲೆಕ್ಕ ಹಾಕಿಲ್ಲ.

ಕಾಂಕ್ರೀಟಿನೊಳಗೆ ಉಪ್ಪು ಈಗಾಗಲೇ ಇಳಿದಿದ್ದರೆ ಮೇಲೆ ಏನು ಸುತ್ತಿದರೂ ತುಕ್ಕು ಮುಂದುವರಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಬಟ್ಟೆಯ ಹಿಂದೆಯೇ ಕಾಂಕ್ರೀಟು ಹೋಳಾಗುತ್ತದೆ. ಮೊದಲು ಬಿರುಕಾದರೂ ಕಾಣುತ್ತಿತ್ತು, ಈಗ ಅದೂ ಮರೆ. ಇನ್ನೊಂದು ತಪ್ಪು, ತಾರಸಿಯ ಮೇಲಿನ ಸೋರಿಕೆ ಹಾಗೇ ಬಿಟ್ಟು ಕೆಳಗಿನಿಂದ ಎಪಾಕ್ಸಿ ಎಂಬ ರಾಸಾಯನಿಕ ಅಂಟು ಹಾಕಿ ಬಟ್ಟೆ ಅಂಟಿಸುವುದು. ಮೇಲಿಂದ ಇಳಿದ ನೀರಿಗೆ ಹೊರಹೋಗಲು ದಾರಿ ಇರದೆ ಅಂಟಿನ ಹಿಂದೆಯೇ ನಿಲ್ಲುತ್ತದೆ, ಬಟ್ಟೆ ಹಾಳೆಹಾಳೆಯಾಗಿ ಸುಲಿಯುತ್ತದೆ.

ಆದ್ದರಿಂದ ಮೊದಲ ಕೆಲಸ ಸುತ್ತಿಗೆಯದು. ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಗುರುತು ಹಾಕಬೇಕು. ಅಲ್ಲಿನ ಕಾಂಕ್ರೀಟನ್ನು ಸರಳಿನ ಹಿಂದೆ 20-25 ಮಿ.ಮೀ. ಜಾಗ ಸಿಗುವವರೆಗೆ ಒಡೆಯಬೇಕು, ಮುಂಭಾಗ ಮಾತ್ರ ಕೆತ್ತಿ ಮೆತ್ತಿದರೆ ಹಿಂದಿನ ಉಪ್ಪು ಅಲ್ಲೇ ಉಳಿಯುತ್ತದೆ. ಸರಳನ್ನು ಹೊಳೆಯುವಷ್ಟು ಉಜ್ಜಿ, ಕಾಲು ಭಾಗದಷ್ಟು ಸವೆದಿದ್ದರೆ ಪಕ್ಕದಲ್ಲಿ ಹೊಸದು ಕಟ್ಟಿ, ಸತುವಿನ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆ ತುಂಬಬೇಕು. ಬಟ್ಟೆಯ ಸರದಿ ಗಾರೆ ಬಲಿತು ಒಣಗಿದ ಮೇಲೆ.

ಅಂಟಿಸುವಾಗ ಮೂಲೆಗಳನ್ನು ಕನಿಷ್ಠ 13 ಮಿ.ಮೀ. ತ್ರಿಜ್ಯಕ್ಕೆ ಉರುಟು ಮಾಡಬೇಕು. ಚೂಪು ಅಂಚಿನಲ್ಲಿ ನಾರು ಮುರಿಯುತ್ತದೆ. ಮೇಲ್ಮೈಗೆ ಲೋಹದ ಬಿಲ್ಲೆ ಅಂಟಿಸಿ ಎಳೆದು ನೋಡಿದಾಗ 1.4 ಮೆಗಾಪಾಸ್ಕಲ್ (ಚದರ ಸೆಂ.ಮೀ.ಗೆ ಸುಮಾರು 14 ಕೆ.ಜಿ.) ಎಳೆತ ಕೂಡ ತಾಳದ ಕಾಂಕ್ರೀಟಿಗೆ ಬಟ್ಟೆ ದಂಡ. ಮೇಲ್ಮೈ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ 3 ಡಿಗ್ರಿಯಾದರೂ ಹೆಚ್ಚಿರಬೇಕು, ಅಂದರೆ ಮಳೆಗಾಲದಲ್ಲಿ ಈ ಕೆಲಸ ಬೇಡ. ಸೆಕೆಯಲ್ಲಿ ಎಪಾಕ್ಸಿ ಬೇಗ ಗಟ್ಟಿಯಾಗುವುದರಿಂದ ಡಬ್ಬಿಯಷ್ಟನ್ನೂ ಒಮ್ಮೆಗೇ ಕಲಸಬಾರದು; ಗಟ್ಟಿಯಾಗತೊಡಗಿದ ಅಂಟು ಎಳೆಗಳ ನಡುವೆ ಇಳಿಯದು. ರೋಲರ್ ಓಡಬೇಕಾದದ್ದು ನಾರಿನ ದಿಕ್ಕಿನಲ್ಲೇ. ಕೊನೆಯ ಹಸಿ ಅಂಟಿನ ಮೇಲೆ ಒಣ ಮರಳು ಎರಚದಿದ್ದರೆ ಆಮೇಲಿನ ಪ್ಲಾಸ್ಟರ್ ಕೂರುವುದಿಲ್ಲ. ಅಂಟು ಗಟ್ಟಿಯಾದ ಮೇಲೆ ಇಡೀ ಮೇಲ್ಮೈಯನ್ನು ಮತ್ತೆ ತಟ್ಟಿ, ಗಾಳಿ ಸಿಕ್ಕಿಕೊಂಡ ದೊಡ್ಡ ಜಾಗಗಳನ್ನು ಕತ್ತರಿಸಿ ಹೊಸ ತುಂಡು ಹಾಕಬೇಕು.

ಗುಂಡು ಪಿಲ್ಲರಿಗೆ ಈ ಸುತ್ತು ಚೆನ್ನಾಗಿ ಒದಗುತ್ತದೆ. ಒಂದು ಬದಿ ಇನ್ನೊಂದರ ಎರಡು ಪಟ್ಟು ಮೀರಿದ ಚಪ್ಪಟೆ ಪಿಲ್ಲರಿಗೆ ಲಾಭ ಅತ್ಯಲ್ಪ. ಈ ಕೆಲಸಕ್ಕೆ ಬಳಸುವ ಎಪಾಕ್ಸಿ ಸಾಮಾನ್ಯವಾಗಿ 60-80 ಡಿಗ್ರಿ ಸೆಲ್ಸಿಯಸ್‌ಗೇ ಮೆದುವಾಗುತ್ತದೆ. ಬೆಂಕಿ ಬಿದ್ದರೆ ಬಟ್ಟೆ ಇಲ್ಲವೆಂದೇ ಲೆಕ್ಕ, ಅದಿಲ್ಲದೆಯೂ ಕಟ್ಟಡ ನಿಲ್ಲುವಂತಿರಬೇಕು.

ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆಗೆ ಎಪಾಕ್ಸಿ ಬೇಡವೇ ಬೇಡ, ತೇವ ಒಳಗೇ ಉಳಿಯುತ್ತದೆ. ಅಲ್ಲಿಗೆ ಬೇಕಾದದ್ದು ಬಸಾಲ್ಟ್ ಜಾಲರಿ: ತೆಳುವಾದ ಎರಡು ಪದರ ಗಾರೆಯ ನಡುವೆ ಕೂರಿಸಿದರೆ ಗೋಡೆ ಉಸಿರಾಡುತ್ತದೆ, ಬಿರುಕೂ ಹಬ್ಬುವುದಿಲ್ಲ. ಆದರೆ ಬರಿ ನಾರಿನ ಜಾಲರಿ ಕೊಳ್ಳಬೇಡಿ. ಸಿಮೆಂಟಿನ ಕ್ಷಾರ ಬಸಾಲ್ಟನ್ನು ನಿಧಾನವಾಗಿ ತಿನ್ನುತ್ತದೆ, ಹಾಗಾಗಿ ಕ್ಷಾರ ತಡೆಯುವ ಲೇಪ ಇರಲೇಬೇಕು.

ಹೊಸದಾಗಿ ಕಟ್ಟುವವರಿಗೆ ಬಟ್ಟೆಗಿಂತ ಮೊದಲು ನೆನಪಾಗಬೇಕಾದದ್ದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456. ಕರಾವಳಿಯ ವಾತಾವರಣಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 45 ಮಿ.ಮೀ. ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ), ಕಡಲ ನೀರಿನ ಸಿಂಪಡಿಕೆ ಬೀಳುವಲ್ಲಿ ಎಂ35 ಮತ್ತು 50 ಮಿ.ಮೀ. ಎಂದು ಅದು 2000ದಲ್ಲೇ ಹೇಳಿದೆ. ಸ್ಲ್ಯಾಬಿನಡಿ 20 ಮಿ.ಮೀ. ಕವರ್ ಬ್ಲಾಕ್ ಇಟ್ಟು ಹತ್ತು ವರ್ಷದ ಬಳಿಕ ಬಸಾಲ್ಟ್ ಹುಡುಕುವುದು ದುಬಾರಿ ದಾರಿ.

ದುರಸ್ತಿ ಟೆಂಡರುಗಳಲ್ಲಿ ಬಸಾಲ್ಟ್ ಬಟ್ಟೆಗೆ ಚದರ ಮೀಟರಿಗೆ ಇಷ್ಟು ದರ ಎಂದು ಒಂದೇ ಸಾಲು ಬರೆದು ಮುಗಿಸಬಾರದು. ಕಾಂಕ್ರೀಟಿನ ಕ್ಲೋರೈಡ್ (ಉಪ್ಪಿನಂಶ) ಪರೀಕ್ಷೆ, ಸರಳು ಬಿಡಿಸಿ ಶುದ್ಧಿ ಮಾಡುವುದು, ಎಳೆತ ಪರೀಕ್ಷೆ, ಅಂಟಿಸಿದ ನಂತರದ ತಟ್ಟು ಪರೀಕ್ಷೆ ಇವಕ್ಕೆಲ್ಲ ಬೇರೆ ಬೇರೆ ದರ ನಮೂದಿಸಬೇಕೆಂದು ಲೋಕೋಪಯೋಗಿ ಇಲಾಖೆ ಹಾಗೂ ಸ್ಥಳೀಯ ಸಂಸ್ಥೆಗಳನ್ನು ಕೋರುತ್ತೇವೆ. ದರ ಇಲ್ಲದ ಕೆಲಸವನ್ನು ಯಾವ ಗುತ್ತಿಗೆದಾರನೂ ಮಾಡುವುದಿಲ್ಲ.

– ಕಟ್ಟಡ ದುರಸ್ತಿ ಕ್ಷೇತ್ರದ ಇಂಜಿನಿಯರುಗಳು, ಉಡುಪಿ