ಮರ್ತ್ಯ ಅಂತ ಬರೆಯುವ ಮುಂಚೆ

ಪ್ರೀತಿಯ ತಮ್ಮಾ,

ನಿನ್ನ ಕತೆ ಓದಿದೆ, ಜೊತೆಗಿಟ್ಟ ಕಾಗದವನ್ನೂ ಓದಿದೆ. ಪತ್ರಿಕೆಯವರು ವಾಪಸ್ ಕಳಿಸಿದರು ಅಂತ ಬರೆಯುವುದನ್ನೇ ಬಿಡುತ್ತೇನೆ ಅಂದಿದ್ದೀಯ. ಬಿಡುವ ಹಾಗಿದ್ದರೆ ನನಗೇಕೆ ಕಳಿಸುತ್ತಿದ್ದೆ, ಅಲ್ವಾ? ಕತೆ ಎಷ್ಟು ಪುಟ ಇರಬೇಕು, ಯಾವ ಸ್ಪರ್ಧೆಗೆ ಹಾಕಬೇಕು ಅನ್ನೋದನ್ನೆಲ್ಲ ನಿನ್ನ ವಾರಿಗೆಯವರನ್ನು ಕೇಳು. ನನಗಿಂತ ಅವರಿಗೆ ಜಾಸ್ತಿ ಗೊತ್ತು.

ಬಾಯಿಗೆ ಬಿಟ್ಟ ತುಳಸಿ ನೀರು ನುಂಗಿ ನಿನ್ನ ಕತೆಯ ಅಜ್ಜಿ, "ಹಸೂಗೆ ನೀರು ಕುಡಿಸಿದ್ರೇನೋ?" ಅಂತ ಕೇಳುತ್ತಾಳಲ್ಲ, ಅಲ್ಲಿ ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ಮುಂದಿನ ಸಾಲು: "ಮರ್ತ್ಯದ ಸಂಕೋಲೆ ಕಳಚಿ ಅಜ್ಜಿ ಅಮರಳಾದಳು." ಸಿಟ್ಟು ಬಂತು ಕಣೋ.

ಈ 'ಮರ್ತ್ಯ' ಅನ್ನೋ ಮಾತು ಎಲ್ಲಿಂದ ಬಂತು ಅಂತ ನಿಘಂಟು ತೆಗೆದು ನೋಡಿದ್ದೀಯಾ? ಸಂಸ್ಕೃತದ 'ಮೃ' ಧಾತುವಿನಿಂದ. ಮೃ ಅಂದರೆ ಸಾಯು. ಮರಣ, ಮೃತ್ಯು ಎಲ್ಲ ಅದೇ ಮನೆತನ. ಅಮರ, ಅಮೃತ ಕೂಡ. ಮುಂದೊಂದು 'ಅ' ಸೇರಿದೆ, ಅಷ್ಟೇ. ಮರ್ತ್ಯ ಅಂದರೆ ಸಾಯುವವ, ಹಾಗಾಗಿ ಮನುಷ್ಯ. ಹಸುವೂ ಸಾಯುತ್ತದೆ, ಹೊಂಗೆ ಮರವೂ ಒಣಗುತ್ತದೆ. ಆದರೂ ಆ ಹೆಸರು ನಮಗೇ ಅಂಟಿಕೊಂಡಿತು. ದೇವರ ಪಕ್ಕ ನಿಲ್ಲಿಸಿ ಅಳೆದದ್ದು ನಮ್ಮನ್ನು ತಾನೆ! ಸಂಸ್ಕೃತದ ಹಳೇ ನಿಘಂಟು ಅಮರಕೋಶದಲ್ಲಿ ದೇವತೆಗಳ ಪಟ್ಟಿ ಶುರುವಾಗುವುದೇ 'ಅಮರಾ ನಿರ್ಜರಾ ದೇವಾಃ' ಅಂತ. ಸಾವಿಲ್ಲದವರು, ಮುಪ್ಪಿಲ್ಲದವರು. ನಮ್ಮ ಸರದಿ ಬಂದಾಗ 'ಮನುಷ್ಯಾ ಮಾನುಷಾ ಮರ್ತ್ಯಾ'.

ಇರಾನಿನ ಬಿಸುತೂನ್ ಬಂಡೆಯಲ್ಲಿ ದೊರೆ ಡೇರಿಯಸ್ 2500 ವರ್ಷದ ಹಿಂದೆ ಕೆತ್ತಿಸಿದ ಶಾಸನದಲ್ಲೂ ಮನುಷ್ಯನಿಗೆ 'ಮರ್ತಿಯ' ಅಂತಲೇ ಇದೆ. ಅದು ಸವೆದು ಪಾರ್ಸಿಯ 'ಮರ್ದ್' ಆಯಿತು, ಗಂಡಸು. ಸಾಯುವವ ಅನ್ನೋದು ಮರೆತೇ ಹೋಯಿತು, ಗಂಡಸುತನ ಮಾತ್ರ ಉಳಿಯಿತು. ಮೀಸೆ ತಿರುವುವವರಿಗೆ ಇದನ್ನು ಯಾರಾದರೂ ಹೇಳಬೇಕು!

ಬಸವಣ್ಣನವರು "ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ" ಅಂದರು. ಕಮ್ಮಟ ಅಂದರೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ. ಇಲ್ಲಿ ಸಲ್ಲುವವರೇ ಅಲ್ಲಿಯೂ ಸಲ್ಲುವುದು. ಸಾಯುವವರ ಲೋಕವನ್ನು ಅವರು ಸಂಕೋಲೆ ಅನ್ನಲಿಲ್ಲ. ನೀನು ಅಂದೆ. ಸಾಯುವಾಗಲೂ ಹಸುವಿನ ಬಾಯಾರಿಕೆ ನೆನೆದ ಅಜ್ಜಿಗೆ ಎಲ್ಲಿಯ ಸಂಕೋಲೆ ಮಾರಾಯ? ಅವಳಿಗೆ ಇಲ್ಲಿಂದ ಬಿಡಿಸಿಕೊಂಡು ಹೋಗುವ ಆಸೆ ಇದ್ದಂತೆ ನಿನ್ನ ಕತೆಯಲ್ಲೇ ಎಲ್ಲೂ ಕಾಣುವುದಿಲ್ಲ.

ನನ್ನ ಸಿಟ್ಟಿಗೆ ಹಳೇ ಕಾರಣವೂ ಇದೆ. ನನ್ನ ಮೊದಲ ಕತೆಯಲ್ಲಿ "ಅವ್ವ ಸತ್ತಳು" ಅಂತ ಬರೆದಿದ್ದೆ. ಸಂಪಾದಕರೊಬ್ಬರು ನನ್ನನ್ನು ಒಂದು ಮಾತೂ ಕೇಳದೆ "ತಾಯಿ ಇಹಲೋಕ ತ್ಯಜಿಸಿದರು" ಅಂತ ತಿದ್ದಿ ಅಚ್ಚು ಹಾಕಿದರು. ಊರಲ್ಲಿ ಎಲ್ಲರೂ ಆ ಸಾಲನ್ನೇ ಹಿಡಿದು "ಏನು ಭಾಷೆ!" ಅಂತ ಹೊಗಳಿದರು. ಸಂಪಾದಕರು ತೀರಿಕೊಂಡು ಎಷ್ಟೋ ಕಾಲವಾಯಿತು, ನನಗಿನ್ನೂ ಆರಿಲ್ಲ. ನಿನ್ನದನ್ನು ಯಾರೂ ತಿದ್ದಿಲ್ಲ. ನೀನಾಗಿಯೇ ಹೋಗಿ ಆ ಸಂಪಾದಕರ ಕೈಗೆ ಪೆನ್ನು ಕೊಟ್ಟಿದ್ದೀಯ.

ನಿಮ್ಮಜ್ಜಿ ಹೋದ ದಿನ ನಿಮ್ಮಪ್ಪ ನೆಂಟರಿಗೆ ಫೋನ್ ಮಾಡಿ ಏನು ಹೇಳಿದರು? "ಅವ್ವ ಹೋಗಿಬಿಟ್ಟಳು" ಅಂದರೋ, "ತೀರಿಕೊಂಡಳು" ಅಂದರೋ, ಕೇಳು. ಅವರು ಏನಂದರೋ ಅದನ್ನೇ ಬರೆ. ಏನೂ ಹೇಳಲಾಗದೆ ಫೋನ್ ಇನ್ನೊಬ್ಬರ ಕೈಗೆ ಕೊಟ್ಟಿದ್ದರೆ ಅದನ್ನು ಬರೆ. ಮರ್ತ್ಯ ಬೇಡವೇ ಬೇಡ ಅಂತಲ್ಲ. ಮುಂದೆ ಯಾವತ್ತಾದರೂ ದೇವರ ಜೊತೆ ಜಗಳಕ್ಕೆ ಬಿದ್ದಾಗ ಬೇಕಾಗುತ್ತದೆ, ಇಟ್ಟುಕೊಂಡಿರು.

ತಿದ್ದಿದ ಕತೆಯನ್ನು ಅಂಚೆಯಲ್ಲೇ ಕಳಿಸು. ಫೋನಿನಲ್ಲಿ ಓದುವುದಕ್ಕೆ ನನ್ನ ಕಣ್ಣು ಕೇಳುವುದಿಲ್ಲ.

ಇಂತಿ,
ನಿನ್ನ ಅಣ್ಣ